ಸ್ಮಶಾನದ ಗರಗಸ

ಯಂತ್ರ ಪೂರ್ತಿ ಕೆಟ್ಟಿದ್ದರೆ ಮೇಷ್ಟ್ರು ಇಷ್ಟು ಕಷ್ಟಪಡುತ್ತಿರಲಿಲ್ಲ. ಆದರೆ ಮರ ಕೊಯ್ಯುವ ಆ ಗರಗಸ ಪೂರ್ತಿ ಕೆಟ್ಟಿರಲಿಲ್ಲ. ಹಗ್ಗ ಎಳೆದರೆ ಕೆಮ್ಮುತ್ತಿತ್ತು, ಇನ್ನೊಮ್ಮೆ ಎಳೆದರೆ ಏಳುತ್ತಿತ್ತು, ಬೆರಳೊತ್ತಿ ಹಿಡಿದಷ್ಟು ಹೊತ್ತು ಹೊಗೆ ಕಾರುತ್ತ ಕಿರುಚುತ್ತಿತ್ತು. ಬೆರಳು ಸಡಿಲಿಸಿದ ಕೂಡಲೇ, ಮಕ್ಕಳು ಮೊಮ್ಮಕ್ಕಳೆಲ್ಲ ಹಾಸಿಗೆಯ ಸುತ್ತ ಸೇರಿದ್ದಾರೆಂದು ಖಾತ್ರಿ ಮಾಡಿಕೊಂಡು ಪ್ರಾಣ ಬಿಡುವ ಮುದುಕನ ಹಾಗೆ ಒಂದು ಬಿಕ್ಕಳಿಸಿ ನಿಂತುಬಿಡುತ್ತಿತ್ತು.

ಮರ ಕೊಯ್ಯುವವನು ಇಡೀ ಹೊತ್ತು ಬೆರಳೊತ್ತಿಕೊಂಡೇ ಇರಲಾರ. ಒಂದು ಕೊಯ್ತ ಮುಗಿಸಿ ಇನ್ನೊಂದಕ್ಕೆ ಹೆಜ್ಜೆಯಿಡುವ ನಡುವೆ ಯಂತ್ರ ತನ್ನಷ್ಟಕ್ಕೆ ಗುರುಗುಟ್ಟುತ್ತ ಕಾಯಬೇಕು. ಏಣಿಯ ತುದಿಯಲ್ಲಿ ನಿಂತವನ ಕೈಯಲ್ಲಿ ಅದು ಪದೇ ಪದೇ ಸತ್ತರೆ, ಅದನ್ನು ಬದುಕಿಸಲು ಹಗ್ಗ ಜಗ್ಗುವ ಭರದಲ್ಲಿ ಅವನೇ ಸಾಯುವುದು ಖಂಡಿತ. ನಿನ್ನೆ ಸಂಜೆ ಇದೇ ಗರಗಸ ಚೆನ್ನಾಗಿಯೇ ಇತ್ತು. ಬೆಳಗಾಗುವಷ್ಟರಲ್ಲಿ ಅದಕ್ಕೆ ಏನು ಬಡಿಯಿತೋ ಮೇಷ್ಟ್ರಿಗೆ ತಿಳಿಯದು.

ಮೇಷ್ಟ್ರೆಂದರೆ ಪಾಠ ಹೇಳಿದವರಲ್ಲ. ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತ ಅರ್ಧ ಆಯುಸ್ಸು ಕಳೆದವರು. ಆ ವಿಭಾಗವನ್ನೇ ಮುಚ್ಚಿದ ಮೇಲೆ ಊರಾಚೆಯ ಸ್ಮಶಾನಕ್ಕೆ ಕಾವಲುಗಾರರಾಗಿ ಬಂದರು. ಸ್ಮಶಾನ ಸಮಿತಿಯವರು ಗೇಟಿನ ಪಕ್ಕದಲ್ಲೇ ಎರಡು ಕೋಣೆಯ ಮನೆ ಕೊಟ್ಟಿದ್ದರು. ಲ್ಯಾಬಿನಿಂದ ಅವರು ತಂದದ್ದು ಎರಡೇ: ಆಸಿಡ್ ಬಿದ್ದು ತೂತಾದ ಒಂದು ಬಿಳಿ ಕೋಟು, ಮತ್ತು ಒಂದು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು; ಫಲ ಕಾಣದಿದ್ದರೆ ಮೊದಲು ಹೇಗಿತ್ತೋ ಹಾಗೇ ಇಟ್ಟು ಮುಂದಿನದಕ್ಕೆ ಹೋಗು. ಈ ನಿಯಮದ ಬಲದಿಂದ ಅವರು ಮನೆಯ ಸೋರುವ ನಲ್ಲಿಯನ್ನು ಒಮ್ಮೆ ರಿಪೇರಿ ಮಾಡಿದ್ದರು. ಸೋರುವುದು ನಿಂತಿತು. ನೀರು ಬರುವುದೂ ನಿಂತಿತು.

ಕೊಯ್ಯಬೇಕಾಗಿದ್ದದ್ದು ದೊಡ್ಡ ದಾರಿಯ ಕಡೆಗೆ ವಾಲಿಕೊಂಡು ನಿಂತಿದ್ದ ಒಂದು ಒಣಮರ. ಸಿಪ್ಪೆಯೆಲ್ಲ ಕಳಚಿ, ಎಲುಬಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಕಾವಲುಗಾರ ಅದರ ಒಂದು ಕೊಂಬೆ ಕೊಯ್ಯಲು ಹೋಗಿ ಆ ಕೊಂಬೆಯ ಕೆಳಗೇ ಸತ್ತಿದ್ದ. ಅವನನ್ನು ಮರದ ಬುಡದಲ್ಲೇ ಹೂಳಿದರು. ಆಮೇಲೆ ಆ ಮರದ ತಂಟೆಗೆ ಯಾರೂ ಹೋಗಿರಲಿಲ್ಲ.

ಮೊನ್ನೆ ಕಾರ್ಯದರ್ಶಿ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡಿದ್ದರು.

"ನಾಡಿದ್ದು ಸಂಜೆ ನಾನು ಬಂದು ನೋಡುವಾಗ ಒಂದೋ ಆ ಮರ ನೆಲದ ಮೇಲಿರಬೇಕು, ಇಲ್ಲಾ ನಿಮ್ಮ ಸಾಮಾನು ಗೇಟಿನ ಹೊರಗಿರಬೇಕು. ಯಾವುದು ಅಂತ ನೀವೇ ನೋಡಿಕೊಳ್ಳಿ."

ಈ ಮಾತನ್ನು ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲ. "ನಾಳೆ ಮರ ಉರುಳಿಸ್ತೀನಿ" ಎಂದು ಮಾತ್ರ ನಿನ್ನೆ ಸಂಜೆ ಎಲ್ಲರೆದುರು ಎದೆಯುಬ್ಬಿಸಿ ಹೇಳಿದ್ದರು. ಬೇರೆ ಮನೆ ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಹೆಣಗಳಿಗೆಲ್ಲ ಜಾಗ ತೋರಿಸುವ ಮನುಷ್ಯ ತಾನೇ ಜಾಗವಿಲ್ಲದೆ ಬೀದಿಗೆ ಬೀಳುವುದನ್ನು ನೆನೆದಾಗಲೆಲ್ಲ ಅವರು ಹಗ್ಗವನ್ನು ಇನ್ನೊಮ್ಮೆ ಜಗ್ಗುತ್ತಿದ್ದರು.

ಸಾಮಾನಿನ ಶೆಡ್ಡಿನಲ್ಲಿ ಅವರು ಹಗ್ಗ ಎಳೆದೆಳೆದು ಬೆವರುತ್ತಿದ್ದಾಗ ಮೊದಲು ಬಂದವನು ಗುಂಡಿಯಣ್ಣ. ಗುಂಡಿ ತೋಡುವುದು ಅವನ ಕಸುಬು. ವಯಸ್ಸಾಗಿದ್ದರೂ ಸೊಂಟ ಬಾಗಿರಲಿಲ್ಲ. ಬಗ್ಗುವ ಕೆಲಸವನ್ನೆಲ್ಲ ಗುಂಡಿಯೊಳಗೇ ಮುಗಿಸಿ ಬರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು.

"ಏನ್ ಮೇಷ್ಟ್ರೇ, ಹೊರಡಲ್ವಾ?"

"ಹೊರಡತ್ತೆ. ನಿಲ್ಲಲ್ಲ. ಅಂದ್ರೆ, ನಿಂತುಬಿಡತ್ತೆ."

"ಹಾಗಾದ್ರೆ ಬಿಟ್ಟುಬಿಡಿ ಅತ್ಲಾಗೆ. ಮರ ತಾನಾಗೇ ಬೀಳತ್ತೆ. ನನ್ನ ಅನುಭವದಲ್ಲಿ ಎಲ್ಲಾನೂ ತಾನಾಗೇ ಬೀಳತ್ತೆ."

"ಬಿಡೋ ಹಾಗಿಲ್ಲ ಗುಂಡಿಯಣ್ಣ."

ಗುಂಡಿಯಣ್ಣ ಗರಗಸವನ್ನು ಒಂದು ಸುತ್ತು ನೋಡಿ, ಏನೋ ನುಂಗಿಕೊಂಡು, "ಹಾಗಿದ್ರೆ ಅದು ಕಾರ್ಬೋರೇಟರ್ ಕಣ್ರೀ. ಪಕ್ಕದಲ್ಲಿ ಚಿಕ್ಕ ತಿರುಪು ಇರತ್ತಲ್ಲ, ಅದು ಆಚೀಚೆ ಆಗಿರತ್ತೆ" ಎಂದ.

ಮೇಷ್ಟ್ರು ಸಣ್ಣ ಸ್ಕ್ರೂಡ್ರೈವರ್ ತಂದು ತಿರುಪನ್ನು ಕಾಲು ಸುತ್ತು ತಿರುಗಿಸಿದರು. ಹಗ್ಗ ಎಳೆದರು. ಕೆಮ್ಮಿತು, ಎದ್ದಿತು, ಕಿರುಚಿತು. ಬೆರಳು ಬಿಟ್ಟರು. ಸತ್ತಿತು. ಅರ್ಧ ಸುತ್ತು ತಿರುಗಿಸಿದರು. ಸತ್ತಿತು.

"ತಿರುಪಿನ ತಪ್ಪಲ್ಲ" ಎಂದು ತೀರ್ಮಾನಿಸಿ, ಅದು ಮೊದಲು ಎಲ್ಲಿತ್ತೋ ಅಲ್ಲಿಗೇ ಕರಾರುವಾಕ್ಕಾಗಿ ತಿರುಗಿಸಿಟ್ಟರು.

"ಯಾಕ್ರೀ ವಾಪಸ್ ತಿರುಗಿಸ್ತೀರಿ?"

"ಫಲ ಕಾಣದಿದ್ರೆ ಮೊದಲಿನ ಹಾಗೇ ಇಡಬೇಕು. ಇಲ್ಲದಿದ್ರೆ ಲೆಕ್ಕ ತಪ್ಪತ್ತೆ. ಇದು ವಿಜ್ಞಾನ."

"ಸದ್ಯ, ವಿಜ್ಞಾನದವರು ಗುಂಡಿ ತೋಡಲ್ಲ. ತೋಡಿ, ಹೆಣ ಹಿಡಿಸ್ಲಿಲ್ಲ ಅಂತ ಮುಚ್ಚಿ, ಮತ್ತೆ ತೋಡೋರು" ಎಂದು ಗುಂಡಿಯಣ್ಣ ಹಾರೆ ಹೆಗಲಿಗೇರಿಸಿದ. ಮಧ್ಯಾಹ್ನ ಬರಲಿದ್ದ ಹೆಣಕ್ಕೆ ಅವನು ಶೆಡ್ಡಿನ ಬಾಗಿಲೆದುರೇ ಗುಂಡಿ ತೋಡಿ ಮುಗಿಸುತ್ತಿದ್ದ.

ಸದ್ದು ಕೇಳಿ ಕಲ್ಲುಕುಟಿಗ ಬಂದ. ಗೋರಿಕಲ್ಲುಗಳ ಮೇಲೆ ಅಕ್ಷರ ಕೆತ್ತುವವನು. ರೆಪ್ಪೆಯ ಮೇಲೂ ಕಲ್ಲುಪುಡಿ ಕೂತು, ತನ್ನದೇ ಅಂಗಡಿಯ ಒಂದು ಸಾಮಾನು ಎದ್ದು ನಡೆದು ಬಂದಂತೆ ಕಾಣುತ್ತಿದ್ದ. ಅವನಿಗೆ ಬಾಯಿ ತುಸು ಜಾಸ್ತಿ.

"ಮೇಷ್ಟ್ರೇ, ಬೆಳಗ್ಗಿಂದ ಇದನ್ನ ಎಷ್ಟು ಸಲ ಸಾಯಿಸಿದ್ರಿ? ಹೇಳಿಬಿಟ್ರೆ ಒಂದು ಕಲ್ಲು ಕೆತ್ತಿಡ್ತೀನಿ."

"ನೀನು ಉಪಕಾರ ಮಾಡೋದಿದ್ರೆ ಮಾಡು. ಇಲ್ಲಾ ದಾರಿ ಬಿಡು."

"ಉಪಕಾರಕ್ಕೇ ಬಂದಿದ್ದು. ಇದು ಪೆಟ್ರೋಲಿಂದೇ ತರಲೆ. ಒಳಗೆ ನೀರು ಸೇರಿರತ್ತೆ ನೋಡಿ. ತಿರುಪು ಗಿರುಪು ಮುಟ್ಟೋಕೆ ಹೋಗ್ಬೇಡಿ, ಅದು ಸರಿಯಾಗೇ ಇರತ್ತೆ."

ಮೇಷ್ಟ್ರಿಗೆ ಇದು ತರ್ಕಬದ್ಧವಾಗಿ ಕಂಡಿತು. ಟ್ಯಾಂಕಿನ ಪೆಟ್ರೋಲನ್ನು ಒಂದು ಬಾಟಲಿಗೆ ಬಸಿದು ಜೋಪಾನವಾಗಿ ಮೂಲೆಯಲ್ಲಿಟ್ಟರು. ಮನೆಯಲ್ಲಿದ್ದ ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬಿದರು. ಎಳೆದರು. ಎದ್ದಿತು. ಬಿಟ್ಟರು. ಸತ್ತಿತು.

"ಪೆಟ್ರೋಲಿನ ತಪ್ಪೂ ಅಲ್ಲ" ಎಂದು ಹೊಸದನ್ನು ಬಸಿದು ತೆಗೆದು, ಹಳೆಯದನ್ನೇ ತೊಟ್ಟು ಚೆಲ್ಲದಂತೆ ಮತ್ತೆ ಟ್ಯಾಂಕಿಗೆ ಸುರಿದರು. ಬಸಿಯುವ ಭರದಲ್ಲಿ ಪ್ಯಾಂಟಿನ ಒಂದು ಕಾಲು ಪೂರ್ತಿ ತೊಯ್ದಿತು.

"ಇನ್ನು ಬೆಂಕಿಕಡ್ಡಿ ಹತ್ರ ಹೋಗ್ಬೇಡಿ" ಎಂದು ಕಲ್ಲುಕುಟಿಗ ಎರಡು ಹೆಜ್ಜೆ ಹಿಂದೆ ಸರಿದ. "ಇಲ್ಲಿ ಬರೇ ಹೂಳೋದು ಪದ್ಧತಿ."

ಅಷ್ಟರಲ್ಲಿ ಶವದ ಗಾಡಿ ತೊಳೆಯಲು ಭಾವ ಬಂದ. ಗಾಡಿಯ ಡ್ರೈವರ್ ಆದ ಅವನು ಮೇಷ್ಟ್ರ ಹೆಂಡತಿಯ ಅಣ್ಣ; ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಜೀವಮಾನವಿಡೀ ಅವಸರವಿಲ್ಲದ ಪ್ರಯಾಣಿಕರನ್ನು ಹೊತ್ತು, ಅವನ ಮಾತೂ ನಿಧಾನವಾಗಿತ್ತು.

"ಭಾವ," ಎಂದ ಅವನು, ಬಕೆಟ್ಟು ಕೆಳಗಿಟ್ಟು, ಬಟ್ಟೆ ಹಿಂಡಿ, ಕೈ ಒರೆಸಿಕೊಂಡ ಮೇಲೆ. "ಟ್ಯಾಂಕಿನ ಮುಚ್ಚಳ ನೋಡಿದ್ರಾ?"

"ಮುಚ್ಚಳದಲ್ಲಿ ಏನಿದೆ?"

"ಗಾಳಿ ಹೋಗೋಕೆ ಸೂಜಿ ತೂತು. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ರೆ ಇಂಜಿನ್ನಿಗೆ ಉಪವಾಸ. ಪೆಟ್ರೋಲ್ ಮಾತ್ರ ಚೆನ್ನಾಗೇ ಇರತ್ತೆ, ಅದರ ಬಗ್ಗೆ ನನಗೆ ಸಂಶಯ ಇಲ್ಲ."

ಮುಚ್ಚಳ ಸಡಿಲಿಸಿದಾಗ ಅದು 'ಉಸ್' ಎಂದಿತು. ಮೇಷ್ಟ್ರ ಕಿವಿ ನೆಟ್ಟಗಾಯಿತು. ಮುಚ್ಚಳವನ್ನು ಹಾಗೇ ಸಡಿಲವಾಗಿಟ್ಟು ಯಂತ್ರ ಹೊರಡಿಸಿದರು. ಬೆರಳು ಬಿಟ್ಟರು. ಸತ್ತಿತು. ನಿಟ್ಟುಸಿರಿಟ್ಟು ಮುಚ್ಚಳವನ್ನು ಮೊದಲಿನಷ್ಟೇ ಬಿಗಿ ಮಾಡಿದರು.

ಈಗ ಹೆಂಡತಿ ಬಂದಳು. ಕೈಯಲ್ಲಿ ಸೊಪ್ಪು ಹೆಚ್ಚುವ ಚೂರಿ ಹಾಗೇ ಇತ್ತು.

"ರೀ, ಸಾಕು ಬನ್ನಿ. ಈ ಸದ್ದಿಗೆ ಇಲ್ಲಿ ಮಲಗಿದವರೂ ಎದ್ದು ಬಂದಾರು."

"ಇದರ ಕಾಯಿಲೆ ಏನು ಅಂತ ಗೊತ್ತಾಗೋವರೆಗೆ ಬರಲ್ಲ."

ಅವಳು ಗಂಡನ ಮುಖ ನೋಡಿದಳು, ಗರಗಸ ನೋಡಿದಳು. "ಗಾಳಿ ಸೋಸೋದು ಒಂದು ಇರತ್ತೆ ಅಂದಿದ್ರಲ್ಲ, ಅದು ಕಟ್ಟಿರತ್ತೆ. ಆ ಮುಚ್ಚಳದ ಮೇಲೆ ಯಾಕ್ರೀ ಕಣ್ಣು ನಿಮಗೆಲ್ಲ? ಅದರ ಪಾಡಿಗೆ ಅದನ್ನ ಬಿಡಿ."

ಮೇಷ್ಟ್ರು ಏರ್ ಫಿಲ್ಟರನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಅದಿಲ್ಲದೆಯೇ ಒಮ್ಮೆ ಹೊರಡಿಸಿ ನೋಡಿದರು. ಗರಗಸ ಸತ್ತಿತು. ಮಣ್ಣು ಮೆತ್ತಿದ್ದ ಫಿಲ್ಟರನ್ನು ಹೇಗಿತ್ತೋ ಹಾಗೇ ತಿರುಗಿ ಜೋಡಿಸಿದರು.

"ತಿರುಪಲ್ಲ, ಪೆಟ್ರೋಲಲ್ಲ, ಮುಚ್ಚಳ ಅಲ್ಲ, ಫಿಲ್ಟರ್ ಅಲ್ಲ" ಎಂದು ಅವರು ಬೆರಳು ಮಡಿಸಿದರು. "ನಾಲ್ಕನ್ನೂ ಪರೀಕ್ಷೆ ಮಾಡಿ ನಿರ್ದೋಷಿ ಅಂತ ಬಿಟ್ಟಾಯ್ತು. ಇನ್ನು ಉಳಿದದ್ದು ಕಾರ್ಬೋರೇಟರಿನ ಒಳಹೊಟ್ಟೆ."

ನಾಲ್ವರೂ ಒಟ್ಟಿಗೆ "ಬೇಡ" ಎಂದರು. ಅಷ್ಟು ಒಗ್ಗಟ್ಟನ್ನು ಆ ಸ್ಮಶಾನ ಹಿಂದೆ ಕಂಡಿರಲಿಲ್ಲ. ಆದರೆ ಮೇಷ್ಟ್ರು ಆಗಲೇ ಸ್ಕ್ರೂ ಬಿಚ್ಚಿದ್ದರು.

ಕಾರ್ಬೋರೇಟರಿನ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಒಂದು ಸ್ಪ್ರಿಂಗ್ ಇರುತ್ತದೆ. ಅದು ವರ್ಷಗಳಿಂದ ಬಿಡುಗಡೆಗೆ ಕಾಯುತ್ತಿದ್ದ ಕೈದಿಯ ಹಾಗೆ ಚಂಗನೆ ನೆಗೆದು, ಮೇಷ್ಟ್ರ ಕಿವಿ ಸವರಿ, ಬಾಗಿಲು ದಾಟಿ, ಹೊಸದಾಗಿ ತೋಡಿದ್ದ ಗುಂಡಿಯೊಳಕ್ಕೆ ಹೋಯಿತು.

"ನನ್ನ ಕೆಲಸ ಇನ್ನೂ ಸಲೀಸು ಮಾಡ್ಕೊಟ್ಟಿತು," ಎಂದ ಗುಂಡಿಯಣ್ಣ. "ಬನ್ನಿ, ಒಂದು ಹಿಡಿ ಮಣ್ಣು ಹಾಕಿ ಕೈ ತೊಳೆಯೋಣ."

ಮೇಷ್ಟ್ರು ಏಣಿಯಿಟ್ಟು ಗುಂಡಿಗೆ ಇಳಿದರು. ಮಂಡಿಯೂರಿ, ಮೂಗು ನೆಲಕ್ಕೆ ತಾಗಿಸಿ, ಹಸಿಮಣ್ಣನ್ನು ಬೆರಳಲ್ಲಿ ಕೆದಕತೊಡಗಿದರು. ಒಳಗೆ ತಣ್ಣಗಿತ್ತು. ಮೇಲೆ ಆಕಾಶ ಒಂದು ಬಾಗಿಲಿನಷ್ಟೇ ಕಾಣುತ್ತಿತ್ತು. ಈ ನಾಲ್ಕು ಗೋಡೆಯಾದರೂ ಯಾರೂ ಖಾಲಿ ಮಾಡಿಸದ ಮನೆಯಲ್ಲವೇ ಎಂಬ ಯೋಚನೆ ಬಂದು ಅವರ ಕೈ ಒಂದು ಗಳಿಗೆ ನಿಂತಿತು. ಆಗಲೇ ಬೆರಳಿಗೆ ಸ್ಪ್ರಿಂಗ್ ಸಿಕ್ಕಿತು.

ಸಿಕ್ಕ ಸಂತೋಷಕ್ಕೆ ಅವರು "ಇದೆ! ಇನ್ನೂ ಜೀವ ಇದೆ!" ಎಂದು ಕೂಗುತ್ತ ಎದ್ದು ನಿಂತರು.

ಗುಂಡಿಯ ಅಂಚಿನಲ್ಲಿ ಕಪ್ಪು ಬಟ್ಟೆಯ ಮೂವರು ನಿಂತಿದ್ದರು. ಮಧ್ಯಾಹ್ನ ಬರಲಿದ್ದ ಹೆಣದ ಅಳಿಯ, ಅವನ ಹೆಂಡತಿ, ಇನ್ನೊಬ್ಬ ನೆಂಟ. ಜಾಗ ನೋಡಲು ಬಂದವರಿಗೆ ತಮ್ಮ ಮಾವನ ಗುಂಡಿಯಿಂದ ಬಿಳಿ ಕೋಟಿನ, ಮಣ್ಣು ಮೂಗಿನ, ಪೆಟ್ರೋಲ್ ವಾಸನೆಯ ಒಬ್ಬ ಮನುಷ್ಯ ಕೈಯೆತ್ತಿ ಏಳುವುದು ಕಂಡಿತು. ಹೆಂಗಸು ಕಿಟಾರನೆ ಕಿರುಚಿ ನೆಂಟನ ಮೇಲೆ ಒರಗಿದಳು.

ಸಮಾಧಾನದ ಮಾತು ಹೇಳಬೇಕೆಂದು ಮೇಷ್ಟ್ರಿಗೆ ಅನಿಸಿತು. "ಹೆದರಬೇಡಿ. ಒಳಗೆ ತಂಪಾಗಿದೆ, ಚೆನ್ನಾಗಿದೆ. ನಾನೇ ನೋಡಿದೀನಿ" ಎಂದರು.

ಅಳಿಯ ಮೇಷ್ಟ್ರತ್ತ ಬೆರಳು ತೋರಿಸಿದ. "ಸಂಜೆ ನಿಮ್ಮ ಕಾರ್ಯದರ್ಶಿಗಳು ಬರ್ತಾರಂತಲ್ಲ. ಬರಲಿ. ನಾನೂ ಇರ್ತೀನಿ" ಎಂದು ಹೆಂಡತಿಯನ್ನು ನಡೆಸಿಕೊಂಡು ಹೋದ.

ಮೇಷ್ಟ್ರು ಏಣಿ ಹತ್ತಿ ಬಂದು ಸ್ಪ್ರಿಂಗನ್ನು ಕೂರಿಸಿ, ಕಾರ್ಬೋರೇಟರ್ ಮುಚ್ಚಿ, ಹಗ್ಗ ಎಳೆದರು. ಕೆಮ್ಮಿತು. ಎದ್ದಿತು. ಬೆರಳು ಬಿಟ್ಟರು. ಸತ್ತಿತು. ಅವರು ಗರಗಸವನ್ನು ಬೆಂಚಿನ ಮೇಲೆ ಬಲಮಗ್ಗುಲಾಗಿ ಮಲಗಿಸಿ, ತಾವೂ ಪಕ್ಕದಲ್ಲಿ ಕುಸಿದು ಕೂತರು.

ಹೆಂಡತಿ ಮನೆಯಿಂದ ಊಟ ತಂದು ಐದು ತಟ್ಟೆಗೆ ಹಂಚಿದಳು. ಮೇಷ್ಟ್ರು ಮುಟ್ಟಲಿಲ್ಲ.

"ಬಿಡಿ ಮೇಷ್ಟ್ರೇ," ಎಂದ ಕಲ್ಲುಕುಟಿಗ, ಬಾಯಿ ತುಂಬ ಅನ್ನವಿಟ್ಟುಕೊಂಡು. "ಒಂದು ಮರಕ್ಕೆ ಯಾಕಿಷ್ಟು? ಅದು ನಮ್ಮನ್ನೆಲ್ಲ ಕಳಿಸಿಕೊಟ್ಟೇ ಬೀಳೋದು. ನಿಂತಿರ್ಲಿ ಪಾಪ."

"ಹೌದ್ರೀ. ಗರಗಸ ಕೆಟ್ಟಿದ್ದೂ ಒಳ್ಳೇದಕ್ಕೇ ಅಂದ್ಕೊಳ್ಳಿ" ಎಂದಳು ಹೆಂಡತಿ.

"ಮರ ನಿಂತರೆ ನಾವು ನಿಲ್ಲಲ್ಲ ಕಣೇ!" ಎಂದು ಮೇಷ್ಟ್ರು ಒಮ್ಮೆಲೇ ಕೂಗಿದರು. ಆಮೇಲೆ ದನಿ ಇಳಿಯಿತು. "ಇವತ್ತು ಸಂಜೆಯೊಳಗೆ ಅದು ಬೀಳದಿದ್ರೆ ಮನೆ ಖಾಲಿ ಮಾಡಬೇಕು. ಕೆಲಸವೂ ಇಲ್ಲ. ಕಾರ್ಯದರ್ಶಿ ಹೇಳಿಯಾಗಿದೆ. ನಿಮಗೆಲ್ಲ ಯಾಕೆ ಸಂಕಟ ಅಂತ ಬಾಯಿಬಿಡಲಿಲ್ಲ."

ಯಾರೂ ಅಗಿಯಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿದು ಸದ್ದಾಯಿತು. ಗುಂಡಿಯಣ್ಣ ಕಲ್ಲುಕುಟಿಗನನ್ನು ನೋಡಲಿಲ್ಲ, ಕಲ್ಲುಕುಟಿಗ ಭಾವನನ್ನು ನೋಡಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ತಟ್ಟೆಯನ್ನೇ, ಅದರಲ್ಲಿ ಕಲ್ಲು ಸಿಕ್ಕಿದವರಂತೆ ದಿಟ್ಟಿಸುತ್ತಿದ್ದರು.

"ಒಂದು ಮಾತು ಹೇಳೋದಲ್ವಾ ಭಾವ" ಎಂದ ಡ್ರೈವರ್. ಅವನ ಮಾತು ಆವತ್ತು ಮೊದಲ ಬಾರಿಗೆ ವೇಗವಾಗಿತ್ತು.

ಮಧ್ಯಾಹ್ನ ಹೆಣ ಬಂತು. ಮೇಷ್ಟ್ರು ಮುಖ ತೊಳೆದು, ಕೋಟು ಕಳಚಿಟ್ಟು, ಕಾವಲುಗಾರನ ಟೋಪಿ ಕೈಯಲ್ಲಿ ಹಿಡಿದು ಗೇಟಿನ ಬಳಿ ತಲೆತಗ್ಗಿಸಿ ನಿಂತರು. ಇಡೀ ಕಾರ್ಯ ಮುಗಿಯುವತನಕ ಅಲ್ಲಾಡುವಂತಿರಲಿಲ್ಲ. ಅಳಿಯ ಅತ್ತಾಗಲೂ ಅವರನ್ನೇ ನೋಡಿಕೊಂಡು ಅತ್ತ.

ನಿಂತಲ್ಲಿಂದ ಅವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಪೆಟ್ಟಿಗೆ ಇಳಿಸಿದ ಕೂಡಲೇ ಭಾವ ಗಾಡಿಯಿಂದ ಡಬ್ಬಿಯೊಂದನ್ನು ತೆಗೆದುಕೊಂಡು ಶೆಡ್ಡಿನ ಕಡೆ ಓಡಿದ. ಅವನು ತಿರುಗಿ ಬಂದ ಮೇಲೆ ಗುಂಡಿಯಣ್ಣ, ಪ್ರಾರ್ಥನೆಯ ನಡುವೆಯೇ ಜಾಗ ಬಿಟ್ಟು, ಅತ್ತ ಹೋದ. ಅವನ ಹಿಂದೆ ಕಲ್ಲುಕುಟಿಗ. ಕೊನೆಗೆ ಹೆಂಡತಿಯೂ ಸೆರಗು ಬಿಗಿದುಕೊಂಡು ಹೋಗಿ ಬಂದಳು. ಶೆಡ್ಡಿನ ಹಿಂದೆ ಪಾಯಿಖಾನೆ ಇತ್ತು. ಅನ್ನ ಹಳಸಿತ್ತೇನೋ, ತಾನು ಉಣ್ಣದಿದ್ದದ್ದೇ ಒಳ್ಳೆಯದಾಯಿತು ಎಂದು ಮೇಷ್ಟ್ರು ಅಂದುಕೊಂಡರು. ಆ ದಿನ ಅವರಿಗೆ ಸಿಕ್ಕ ಸಮಾಧಾನ ಅದೊಂದೇ.

ಜನ ಚದುರಿದರು. ಅಳಿಯ ಮಾತ್ರ ಗೇಟಿನ ಕಟ್ಟೆಯ ಮೇಲೆ ಕೈಕಟ್ಟಿ ಕೂತ. ಬಿಸಿಲು ಬಾಡುತ್ತಿತ್ತು. ಮೇಷ್ಟ್ರು ಶೆಡ್ಡಿಗೆ ಬಂದರು. ಇನ್ನೇನು ಮಾಡುವುದೆಂದು ತೋಚದೆ, ಅಭ್ಯಾಸ ಬಿಡದೆ, ಹಗ್ಗ ಎಳೆದರು.

ಒಂದೇ ಎಳೆತಕ್ಕೆ ಯಂತ್ರ ಎದ್ದಿತು. ಅವರು ಕಣ್ಣು ಮುಚ್ಚಿ ಬೆರಳು ಬಿಟ್ಟರು.

ಸಾಯಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಸಣ್ಣಗೆ ಗುರುಗುಟ್ಟುತ್ತ ಕೂತಿತು. ಹಲ್ಲಿನ ಸರಪಳಿ ಅಲುಗುತ್ತಿರಲಿಲ್ಲ, ಹೊಗೆಯಿರಲಿಲ್ಲ. ಬೆರಳೊತ್ತಿದರೆ ಗರ್ಜಿಸಿತು, ಬಿಟ್ಟರೆ ಮತ್ತೆ ಬೆಕ್ಕಾಯಿತು.

ಸಂತೋಷಕ್ಕಿಂತ ಮೊದಲು ಮೇಷ್ಟ್ರಿಗೆ ಗಾಬರಿಯಾಯಿತು. ಏನನ್ನೂ ಬದಲಿಸದೆ ಫಲ ಬರುವುದು ಅವರ ನಿಯಮಕ್ಕೆ ಒಗ್ಗುವ ಸಂಗತಿಯಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಅವರಿಗೆ ಹೊಳೆಯಿತು: ಊಟಕ್ಕೆ ಮೊದಲು ತಾವು ಗರಗಸವನ್ನು ಬಲಮಗ್ಗುಲಾಗಿ ಮಲಗಿಸಿದ್ದರು. ಬೆಳಗಿನಿಂದ ಆದ ಬದಲಾವಣೆ ಅದೊಂದೇ.

ಅಷ್ಟರಲ್ಲಿ ಕಾರ್ಯದರ್ಶಿ ಬಂದರು. ಹಿಂದೆಯೇ ಅಳಿಯ, ಗುಂಡಿಯ ಪ್ರಸಂಗವನ್ನು ಒಂದಕ್ಕೆರಡಾಗಿ ಹೇಳುತ್ತ ಬಂದ. ಕಾರ್ಯದರ್ಶಿ ನಿಂತ ಮರವನ್ನು ನೋಡಿದರು, ಗಡಿಯಾರ ನೋಡಿಕೊಂಡರು, ಬಾಯಿ ತೆರೆದರು. ಮೇಷ್ಟ್ರು ಗುರುಗುಟ್ಟುವ ಗರಗಸವನ್ನು ಹಸುಗೂಸಿನಂತೆ ಎತ್ತಿ ತೋರಿಸಿದರು.

"ಸರ್, ಬೆಳಗ್ಗಿಂದ ಇದಕ್ಕೆ ಕಾಯಿಲೆ ಇತ್ತು. ಈಗ ಗುಣ ಆಯ್ತು. ಇನ್ನೂ ಬೆಳಕಿದೆ. ಕತ್ತಲಾಗೋಕೆ ಮೊದಲು ಮರ ಕೆಳಗಿರತ್ತೆ."

ಕಾರ್ಯದರ್ಶಿ ಒಂದು ಗಳಿಗೆ ಆಲಿಸಿದರು. ಸದ್ದು ಅವರಿಗೂ ಹಿಡಿಸಿದಂತೆ ಕಂಡಿತು. "ಕೆಲಸ ಗೊತ್ತಿರೋರ ಹಾಗಿದೆ. ಸರಿ. ಮರ ಬಿದ್ದರೆ ಆಯ್ತು, ಗುಂಡಿ ವಿಷಯ ನಾನು ಇವರ ಹತ್ರ ಮಾತಾಡ್ತೀನಿ" ಎಂದರು. "ಏನಾಗಿತ್ತು ಇದಕ್ಕೆ?"

ಅಲ್ಲಿಗೆ ಮೇಷ್ಟ್ರು ಸುಮ್ಮನಾಗಿದ್ದರೆ ಸಾಕಿತ್ತು. ಆದರೆ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇನ್ನೊಬ್ಬರ ಪಾಠ ಕೇಳಿದ ಮನುಷ್ಯ, ತನ್ನ ಪಾಳಿ ಬಂದಾಗ ಬಿಡುವುದುಂಟೇ?

"ಬೇರೆಯವರು ಏನೇನೋ ಹೇಳಿದ್ರು ಸರ್. ತಿರುಪು ಅಂದ್ರು, ಪೆಟ್ರೋಲ್ ಅಂದ್ರು. ನಾನು ಒಂದೊಂದಾಗಿ ಪರೀಕ್ಷೆ ಮಾಡಿ, ಯಾವುದೂ ಕಾರಣ ಅಲ್ಲ ಅಂತ ಸಿದ್ಧ ಮಾಡಿದೆ. ಪೈಪಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡಿತ್ತು. ಬಲಮಗ್ಗುಲಾಗಿ ಮಲಗಿಸಿದ್ದೇ ತಡ, ಅದು ಮೇಲೆದ್ದು ಹೋಯ್ತು. ಇವರಿಗೆಲ್ಲ ಅದು ಹೊಳೆಯೋದು ಹೇಗೆ?"

"ಗಾಳಿಗುಳ್ಳೆ!" ಎಂದ ಗುಂಡಿಯಣ್ಣ. ಪ್ರಾರ್ಥನೆ ಬಿಟ್ಟು ಹೋಗಿ ದುಡಿದವನಿಗೆ ಇದನ್ನು ನುಂಗುವುದು ಕಷ್ಟವಾಯಿತು. "ಫಿಲ್ಟರಿನ ಮಣ್ಣು ತೊಳೆದವನು ನಾನು ಮೇಷ್ಟ್ರೇ. ಸೋಪಲ್ಲಿ ತೊಳೆದು, ಗಾಡಿ ಬಾನೆಟ್ ಮೇಲೆ ಒಣಗಿಸಿ ಹಾಕಿದೀನಿ. ಅದಕ್ಕೇ ಸರಿಯಾಗಿದ್ದು."

"ನಿನ್ನ ಫಿಲ್ಟರಿಂದ ಏನೂ ಆಗಿಲ್ಲ," ಎಂದ ಭಾವ. "ನೀರಿದ್ದ ಪೆಟ್ರೋಲ್ ಚೆಲ್ಲಿ ಒಳ್ಳೇದು ತುಂಬಿದ್ದು ನಾನು."

"ಇಬ್ರೂ ಸುಮ್ನಿರ್ರಯ್ಯ! ತಿರುಪನ್ನ ಕೂದಲೆಳೆಯಷ್ಟು ಆಚೀಚೆ ಆಗದ ಹಾಗೆ ಕೂರಿಸೋಕೆ ಕಲ್ಲು ಕೆತ್ತೋ ಕೈಯೇ ಬೇಕು" ಎಂದ ಕಲ್ಲುಕುಟಿಗ.

"ಮುಚ್ಚಳದ ತೂತಿಂದ ಮೇಣ ತೆಗೆದಿದ್ದು ನಾನು, ಸೂಜಿಯಲ್ಲಿ" ಎಂದಳು ಹೆಂಡತಿ, ಮೆಲ್ಲಗೆ.

ಮೇಷ್ಟ್ರು ಗರಗಸ ಆರಿಸಿದರು. ಆ ಮೌನದಲ್ಲಿ ಅವರ ಪ್ರಶ್ನೆ ದೊಡ್ಡದಾಗಿ ಕೇಳಿಸಿತು.

"ತೂತಿಗೆ ಮೇಣ ಹೇಗೆ ಬಂತು?"

ಹೆಂಡತಿಯೇ ಬಾಯಿಬಿಟ್ಟಳು. "ನಿನ್ನೆ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಇದರ ಒಂದೊಂದು ಭಾಗ ತೋರಿಸಿದಿರಲ್ಲ. ಯಾವುದು ಕೆಟ್ಟರೆ ಏನಾಗತ್ತೆ ಅಂತ ನೀವೇ ಹೇಳಿಕೊಟ್ರಿ. ನೀವು ಮರ ಹತ್ತಿದ್ರೆ ಇಳಿಯಲ್ಲ, ಬೀಳ್ತೀರಿ. ನನಗೆ ಗೊತ್ತು. ಉಸಿರು ಕಟ್ಟಿದ್ರೆ ಯಾವುದಾದ್ರೂ ಸಾಯತ್ತಲ್ವಾ ಅಂತ ಮೊಂಬತ್ತಿ ಕರಗಿಸಿ ಬಿಟ್ಟೆ."

"ಅಯ್ಯೋ, ನೀನೂನಾ?" ಎಂದ ಅವಳ ಅಣ್ಣ. "ತಂಗಿ ಗಂಡನನ್ನ ನನ್ನ ಗಾಡೀಲೇ ಮಲಗಿಸ್ಕೊಂಡು ಬರಬೇಕಲ್ಲ ಅಂತ ನಾನು ಟ್ಯಾಂಕಿಗೆ ನೀರು ಬೆರೆಸಿದ್ದೆ."

"ಹಿಂದಿನವನ ಕಲ್ಲು ಕೆತ್ತೋವಾಗ ನನ್ನ ಉಳಿ ಮೂರು ಸಲ ಜಾರಿತು. ಇನ್ನೊಂದು ಕೆತ್ತಲಾರೆ ಅನ್ನಿಸ್ತು" ಎಂದ ಕಲ್ಲುಕುಟಿಗ, ಮೊದಲ ಬಾರಿಗೆ ತಮಾಷೆಯಿಲ್ಲದೆ. "ತಿರುಪು ತಿರುಗಿಸಿಬಿಟ್ಟೆ."

ಗುಂಡಿಯಣ್ಣ ತನ್ನ ಅಂಗೈ ನೋಡಿಕೊಂಡ. "ನಾನು ಮಣ್ಣು ಮೆತ್ತಿದೆ. ನನಗೆ ಗೊತ್ತಿರೋದು ಅದೊಂದೇ."

ಮೇಷ್ಟ್ರಿಗೆ ಅಳು ಬಂತೋ ನಗು ಬಂತೋ ಹೇಳುವುದು ಕಷ್ಟ. ತನ್ನ ಸಾವಿನ ಮೇಲೆ ಈ ನಾಲ್ವರಿಗೆ ಇದ್ದ ನಂಬಿಕೆ, ತನ್ನ ಬದುಕಿನ ಮೇಲೆ ಅವರಿಗಿದ್ದ ಪ್ರೀತಿ, ಎರಡೂ ಒಟ್ಟಿಗೇ ಬಂದು ಎದೆಗೆ ಬಡಿದವು. ಆದರೂ ಬಾಯಿಂದ ಹೊರಟದ್ದು ಇಷ್ಟೇ: "ಅಂದ್ರೆ ನಾಲ್ಕೂ ಒಟ್ಟಿಗೇ ಕೆಟ್ಟಿದ್ವು. ಒಂದೊಂದನ್ನೇ ಸರಿ ಮಾಡಿ ಮತ್ತೆ ಕೆಡಿಸಿಟ್ಟವನು ನಾನೇ."

"ಹೌದು ಸರ್," ಎಂದು ಕಲ್ಲುಕುಟಿಗ ಕಾರ್ಯದರ್ಶಿಯ ಕಡೆ ತಿರುಗಿದ. "ಮೇಷ್ಟ್ರದ್ದೇನೂ ತಪ್ಪಿಲ್ಲ. ತಡ ಆಗಿದ್ದು ನಮ್ಮಿಂದ. ಬೇಕಾದ್ರೆ ನಾವು ನಾಲ್ಕು ಜನಾನೂ ಬರೆದುಕೊಡ್ತೀವಿ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು.

"ಬರೆದುಕೊಡೋದು ಬೇಡ. ನಾನೇ ಕೇಳಿಸಿಕೊಂಡೆ. ಸಮಿತಿಯ ಯಂತ್ರ ಇವರ ವಶದಲ್ಲಿತ್ತು. ಒಂದೇ ರಾತ್ರೀಲಿ ನಾಲ್ಕು ಜನ ಬೇರೆ ಬೇರೆಯಾಗಿ ಬಂದು ಕೈಯಾಡಿಸಿ ಹೋದ್ರು. ಒಬ್ಬರಿಗೆ ಇನ್ನೊಬ್ಬರು ಎದುರಾಗಲಿಲ್ಲ, ಇವರಿಗೆ ಎಚ್ಚರವೂ ಆಗಲಿಲ್ಲ. ಇವತ್ತು ಹಗಲಲ್ಲೇ ನಾಲ್ಕೂ ಜನ ಮತ್ತೆ ಬಂದು ಹೋದ್ರು. ಆಗಲೂ ಗೊತ್ತಾಗಲಿಲ್ಲ."

"ಸರ್, ಅದು ಊಟ ಕೆಟ್ಟಿತ್ತೇನೋ ಅಂತ..."

"ನಾನು ನಿಮ್ಮನ್ನ ಇಟ್ಟುಕೊಂಡಿದ್ದು ಮರ ಕೊಯ್ಯೋಕಲ್ಲ, ಕಾವಲಿಗೆ. ಒಂದು ಗರಗಸ ಕಾಯಲಾರದವರು ಇಷ್ಟು ಜನ ಸತ್ತವರನ್ನ ಹೇಗೆ ಕಾಯ್ತೀರಿ? ಅವರಂತೂ ಕೂಗಿಕೊಳ್ಳೋರೂ ಅಲ್ಲ." ಅವರು ಕನ್ನಡಕ ಹಾಕಿಕೊಂಡರು. "ನಾಳೆ ಮನೆ ಖಾಲಿ ಮಾಡಿ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಭಾವ ಏನೋ ಹೇಳಲು ಹೋದ, ಹೇಳುವಷ್ಟರಲ್ಲಿ ಕಾರ್ಯದರ್ಶಿ ಶೆಡ್ಡಿನಿಂದ ಆಚೆ ಕಾಲಿಟ್ಟಿದ್ದರು. ಅಳಿಯನ ಮುಖದಲ್ಲಿ ಆ ದಿನದ ಮೊದಲ ನೆಮ್ಮದಿ ಮೂಡಿತು.

ಹೊರಗೆ ಹೋದ ಕಾರ್ಯದರ್ಶಿ ಒಣಮರವನ್ನು ಮತ್ತೊಮ್ಮೆ ನೋಡಿ, ತಿರುಗಿ ನಿಂತರು.

"ಮತ್ತೆ, ಇವತ್ತಿನ ದಿನ ನೀವಿನ್ನೂ ಕೆಲಸದ ಮೇಲೇ ಇದೀರಿ. ಬೆಳಕಿದೆ, ಗರಗಸವೂ ಚೆನ್ನಾಗಿದೆ. ಮರ ಉರುಳಿಸಿಯೇ ಹೋಗಿ."

ಮೇಷ್ಟ್ರು ಬಿಳಿ ಕೋಟು ತೊಟ್ಟು, ಒಂದು ಹೆಗಲಿಗೆ ಏಣಿ ಏರಿಸಿ, ಇನ್ನೊಂದು ಕೈಯಲ್ಲಿ ಗರಗಸ ಹಿಡಿದು ಮರದ ಬುಡಕ್ಕೆ ನಡೆದರು. ಏಣಿ ಒರಗಿಸಿ ಹಗ್ಗ ಎಳೆದರು. ಒಂದೇ ಎಳೆತ. ಬೆರಳು ಬಿಟ್ಟರೂ ಸಾಯದೆ, ಬೇಕೆಂದವರು ಯಾರೂ ಇಲ್ಲದ ಹೊತ್ತಿನಲ್ಲಿ, ಅದು ಅಚ್ಚುಕಟ್ಟಾಗಿ ಗುರುಗುಟ್ಟುತ್ತಿತ್ತು. ಅವರು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಏಣಿ ಒಂದಿಷ್ಟು ಜಾರಿ ನಿಂತಿತು.

ದೂರದಲ್ಲಿ ನಾಲ್ವರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಭಾವ ಗಾಡಿಯ ಕೀಲಿಯನ್ನು ಜೇಬಿನ ತಳಕ್ಕೆ ತುರುಕಿಕೊಂಡ. ಹೆಂಡತಿ ಕಣ್ಣು ಮುಚ್ಚಿದಳು. ಗುಂಡಿಯಣ್ಣ ಬೇಡ ಬೇಡವೆಂದು ಮನಸ್ಸಿಗೆ ಹೇಳಿಕೊಳ್ಳುತ್ತಲೇ, ಕಸುಬಿನ ಕಣ್ಣು ಮಾತು ಕೇಳದೆ, ಏಣಿ ಹತ್ತುತ್ತಿದ್ದ ಮೇಷ್ಟ್ರನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಒಮ್ಮೆ ಅಳೆದ.